ಹುಣಸೆ ಹೆಣ್ಣು, ಆಲ ಗಂಡು

ಆ ಭಾನುವಾರ ಏನೇನು ಕೆಡಬಹುದು ಎಂಬುದು ನನಗೆ ಶನಿವಾರವೇ ಬಾಯಿಪಾಠವಾಗಿತ್ತು. ದಿವೆ ಘಾಟಿನ ತಿರುವಿನಲ್ಲಿ ಬಸ್ಸಿನ ಬ್ರೇಕು ಹೋಗಬಹುದು. ಬ್ರೇಕು ನೆಟ್ಟಗಿದ್ದು ಡ್ರೈವರನಿಗೆ ನಿದ್ದೆ ಹತ್ತಬಹುದು. ಜೇಜುರಿಯ ದೇವರಿಗೆ ಹೊರಟವರ ಗಾಡಿಗಳು ಸಾಸವಡದಲ್ಲಿ ದಾರಿ ಕಟ್ಟಿ, ನಾವು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿ, ಚಟ್ನಿ ಹಳಸಬಹುದು. ಚಳಿಗೆ ಹಿಟ್ಟು ಉಬ್ಬದೆ ಇಡ್ಲಿ ಕಲ್ಲಾಗಬಹುದು. ಉಬ್ಬಿದರೆ ಹುಳಿಯಾಗಬಹುದು. ಕಲ್ಲೂ ಆಗದೆ ಹುಳಿಯೂ ಆಗದೆ ಚೆನ್ನಾಗಿ ಬಂದರೆ ಡಬ್ಬಿ ಉರುಳಿ ಯಾರದೋ ಬೂಟಿನ ಮೇಲೆ ಬೀಳಬಹುದು. ದೇವರಕಾಡಿನ ದೊಡ್ಡ ಮರದಲ್ಲಿ ಹೆಜ್ಜೇನು ಇರಬಹುದು, ಯಾರಾದರೂ ಅತ್ತರು ಬಳಿದುಕೊಂಡು ಬಂದು ಅದನ್ನು ಎಬ್ಬಿಸಬಹುದು. ಹಾವು ಇರಬಹುದು. ಹಾವಿಲ್ಲದಿದ್ದರೂ, ಹಾವು ಎಂದು ಯಾರಾದರೂ ಕೂಗಿ ಕಾಲು ಮುರಿದುಕೊಳ್ಳಬಹುದು. ಅಷ್ಟೊಂದು ಸುಶಿಕ್ಷಿತರ ನಡುವೆ, ಬಯಲಿನಲ್ಲಿ, ನನಗೆ ಹೊಟ್ಟೆ ಕೆಡಬಹುದು. ಇವೆಲ್ಲಕ್ಕಿಂತ ಹೆಚ್ಚಾಗಿ, ನನ್ನ ಹೆಂಡತಿ ಎಲ್ಲರೆದುರು ನಿಂತು, ಹೆಣ್ಣಾಗಿರುವ ಒಂದು ಮರವನ್ನು ಗಂಡು ಎಂದುಬಿಡಬಹುದು.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪುಣೆಯಲ್ಲಿ ಭಾನುವಾರ ಮನೆಯಲ್ಲಿರುವುದು ಅವಮಾನದ ಸಂಗತಿಯಾಗತೊಡಗಿತ್ತು. ನಮ್ಮ ಸೊಸೈಟಿಯ ಅರ್ಧ ಜನ ಬೆಳಗಾಗುವ ಮುಂಚೆ ಬೆನ್ನಿಗೆ ಚೀಲ ಹಾಕಿಕೊಂಡು ಕೋಟೆ ಹತ್ತಲು ಹೋಗುತ್ತಿದ್ದರು. ಉಳಿದರ್ಧ ಜನ ದುರ್ಬೀನು ಕೊಂಡು ಕೆರೆಯ ದಂಡೆಯಲ್ಲಿ ಕೂತು ಹಕ್ಕಿ ನೋಡುತ್ತಿದ್ದರು. ನಕ್ಷತ್ರ ನೋಡುವ ವರ್ಗ, ಹಾವು ಗುರುತಿಸುವ ವರ್ಗ, ಕಲ್ಲಿನ ಗುಣ ಹೇಳುವ ವರ್ಗ, ಎಲ್ಲಕ್ಕೂ ಒಂದೊಂದು ಮಂಡಳ, ಎಲ್ಲ ಮಂಡಳಕ್ಕೂ ಒಬ್ಬೊಬ್ಬ ನಿವೃತ್ತ ಪ್ರೊಫೆಸರು. ನಾನು ವಿಮಾ ಕಚೇರಿಯಲ್ಲಿ ಕ್ಲೇಮು ನೋಡುವ ಗುಮಾಸ್ತ. ಮನುಷ್ಯನಿಗೆ ಹೊರಗೆ ಹೋದರೆ ಏನೇನಾಗುತ್ತದೆ ಎಂಬುದು ವಾರವಿಡೀ ನನ್ನ ಟೇಬಲ್ಲಿಗೆ ಬರುತ್ತಿತ್ತು. ಭಾನುವಾರ ನಾನು ಬಾಗಿಲು ಹಾಕಿಕೊಂಡು ಪೇಪರು ಓದುತ್ತಿದ್ದೆ.

ಮರಗಳನ್ನು ಗುರುತಿಸುವ ವರ್ಗಕ್ಕೆ ಸೇರಲು ತನ್ನ ಹೆಸರು ಕೊಟ್ಟವಳು ಹೆಂಡತಿ. ನನ್ನನ್ನು ಕೇಳದೆ ಕೊಟ್ಟಿದ್ದಳು.

"ಗಿಡ ನೋಡಾಕ ಕ್ಲಾಸ್ ಯಾಕ ಬೇಕು? ಕಿಡಕ್ಯಾಗ ನಿಂತ್ರ ಕಾಣತಾವ," ಎಂದೆ.

"ಹದಿನೆಂಟ ವರ್ಷ ಕಿಡಕ್ಯಾಗ ನಿಂತೇ ನೋಡೇನಿ," ಎಂದಳು. "ನೀವ ಬರಬ್ಯಾಡ್ರಿ. ಮನ್ಯಾಗ ಕುಂತು ಚಿಂತಿ ಮಾಡ್ರಿ."

ಮನೆಯಲ್ಲಿ ಕೂತು ಚಿಂತೆ ಮಾಡುವುದಕ್ಕಿಂತ ಜೊತೆಗೆ ಹೋಗಿ ಮಾಡುವುದು ಮೇಲೆನಿಸಿ ನಾನೂ ಹೋದೆ. ಶನಿವಾರ ಸಂಜೆ ಪೇಟೆಯ ಒಂದು ಶಾಲೆಯ ಕೋಣೆಯಲ್ಲಿ ಪಾಠ, ಆಗೀಗ ಭಾನುವಾರ ಬಸ್ಸು ಮಾಡಿಕೊಂಡು ಊರಾಚೆ ಪ್ರವಾಸ. ಎಲ್ಲರೂ 'ಸರ್' ಎನ್ನುತ್ತಿದ್ದ ಪ್ರೊಫೆಸರು ಮೊದಲ ದಿನವೇ ಒಂದು ಮಾತು ಹೇಳಿದರು. ವರ್ಗ ಮುಗಿದಾಗ ಇಬ್ಬರನ್ನು ಆರಿಸಲಾಗುವುದು, ಮುಂದಿನ ತಂಡವನ್ನು ಕಾಡಿಗೆ ಕರೆದೊಯ್ದು ಮರ ತೋರಿಸುವ ಮಾರ್ಗದರ್ಶಕರು ಅವರು. ಸಂಬಳವಿಲ್ಲ, ಒಂದು ಹಸಿರು ಟೋಪಿ ಉಂಟು. ಸರ್ ಹಾಗೆಂದು ಮೇಜಿನ ಮೇಲಿದ್ದ ತಮ್ಮ ಟೋಪಿ ಎತ್ತಿ ತೋರಿಸಿದರು. ಬಿಸಿಲಿಗೆ ಬಣ್ಣ ಹೋಗಿ ಸೊಪ್ಪಿನ ಪಲ್ಯದಂತಾಗಿದ್ದ ಟೋಪಿ. ನಾನು ನಕ್ಕು ಪಕ್ಕಕ್ಕೆ ತಿರುಗಿದೆ. ಹೆಂಡತಿ ನಗುತ್ತಿರಲಿಲ್ಲ.

ಅವಳು ಓದಿದ ರೀತಿ ಹೇಳಬೇಕು. ಬಾಗಲಕೋಟೆಯ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು, ಕಾಲೇಜಿನ ಮೊದಲ ವರ್ಷಕ್ಕೇ ಓದು ನಿಂತಿತ್ತು. ನಿಂತದ್ದನ್ನೆಲ್ಲ ಈಗ ಒಮ್ಮೆಲೇ ತೆಗೆದುಕೊಳ್ಳುವಂತೆ ಓದಿದಳು. ತಂದ ಎಲೆಗಳನ್ನು ಪೇಪರಿನ ನಡುವೆ ಇಟ್ಟು ಗಾದಿಯ ಕೆಳಗೆ ಒತ್ತಲು ಹಾಕುತ್ತಿದ್ದಳು. ನನ್ನ ಭಾರಕ್ಕೂ ಮನೆಯಲ್ಲಿ ಒಂದು ಉಪಯೋಗ ಸಿಕ್ಕಿತ್ತು. ಆಲದೆಲೆಯ ಮೇಲೆ ಮಲಗಿದ ದೇವರ ಚಿತ್ರ ನೋಡಿದ್ದೇನೆ, ಅವನ ಮುಖದಲ್ಲಿ ಬಲು ನೆಮ್ಮದಿ. ನನಗೆ ಮಾತ್ರ ಎಲೆಯೊಳಗಿಂದ ಯಾವ ಹುಳ ಹೊರಟು ಕಿವಿ ಹೊಗುತ್ತದೋ ಎಂದು ಯೋಚನೆ.

ಮರಗಳು ಅವಳಿಗೆ ಬೇಗ ಒಲಿದವು. ಒಲಿಯದ್ದು ಮರಾಠಿ. ಹದಿನೆಂಟು ವರ್ಷದಲ್ಲಿ ತರಕಾರಿಯವಳ ಜೊತೆ, ನೆರೆಯವರ ಜೊತೆ ಸಲೀಸಾಗಿ ಮಾತಾಡುತ್ತಿದ್ದಳು, ಆದರೆ ಕನ್ನಡದವರಿಗೆಲ್ಲ ಎಡವುವ ಕಲ್ಲೊಂದು ಆ ಭಾಷೆಯಲ್ಲಿದೆ. ನಮಗೆ ಮರವೂ 'ಅದು', ಕಲ್ಲೂ 'ಅದು', ಕುರ್ಚಿಯೂ 'ಅದು'. ಮರಾಠಿಯಲ್ಲಿ ಹಾಗಲ್ಲ. ಜೀವವಿಲ್ಲದ ವಸ್ತುವೂ ತೋ, ತೀ, ತೇ, ಅಂದರೆ ಅವನು, ಅವಳು, ಅದು, ಈ ಮೂರರಲ್ಲಿ ಒಂದಾಗಲೇಬೇಕು. ಯಾವುದು ಏನು ಎಂಬುದಕ್ಕೆ ನಿಯಮ ಕೇಳಿದರೆ ನಗುತ್ತಾರೆ. ಹುಟ್ಟಿದಾಗಿನಿಂದ ಕೇಳಿದವರಿಗೆ ಗೊತ್ತಿರುತ್ತದೆ, ಅಷ್ಟೇ. ನಮ್ಮವರು ಆಲದ ಮರ 'ಬಂದಳು' ಎಂದು, ಬಸ್ಸು 'ಹೋದಳು' ಎಂದು, ಇಪ್ಪತ್ತು ಮೂವತ್ತು ವರ್ಷ ಅಂದಾಜಿನ ಮೇಲೆ ಕಾಲ ಕಳೆದು ಪಿಂಚಣಿ ತೆಗೆದುಕೊಂಡಿದ್ದಾರೆ. ತರಕಾರಿ ಕೊಳ್ಳುವಾಗ ಅದು ನಡೆಯುತ್ತದೆ. ಜನರನ್ನು ನಿಲ್ಲಿಸಿಕೊಂಡು ಮರ ತೋರಿಸುವಾಗ ನಡೆಯುವುದಿಲ್ಲ.

ಅವಳು ಮಗಳನ್ನು ಹಿಡಿದಳು. ಮರಾಠಿ ಶಾಲೆಯಲ್ಲಿ ಓದಿ ಆಗ ಕಾಲೇಜಿಗೆ ಹೋಗುತ್ತಿದ್ದ ಮಗಳು ಕನಸಿನಲ್ಲೂ ಮರಾಠಿಯಲ್ಲೇ ಬೈಯುತ್ತಿದ್ದಳು. ರೊಟ್ಟಿ ತಟ್ಟುವ ಹೊತ್ತಿಗೆ ಇಬ್ಬರ ಪಾಠ.

"ಆಲದ ಗಿಡ?"

"ತೀ ವಡ."

"ಅವ್ವಾ, ತೋ! ತೋ ವಡ. ಗಂಡು."

"ಹೌದ ಬಿಡು. ಎಲ್ಲಾ ಕಡೆ ಕಾಲ ಚಾಚಿ ಕುಂತದ, ತನ್ನ ನೆರಳಾಗ ಮತ್ತೊಂದನ್ನ ಬೆಳ್ಯಾಕ ಬಿಡೂದಿಲ್ಲ. ಗಂಡಸ ಇರಬೇಕು."

"ಹುಣಸಿ?"

"ತೋ ಚಿಂಚ."

"ತೀ! ತೀ ಚಿಂಚ."

"ಅಯ್ಯ, ಹೆಣ್ಣೇನ? ಅದಕ್ಕ ನೋಡು, ಬಸರಾದವರಿಗೆ ಕೊಡತಾರ, ಉಳದ ಹೊತ್ತಿನಾಗ ದೆವ್ವ ಅದ ಅಂತಾರ."

ಜಾಲಿ ಹೆಣ್ಣು, ಮುಳ್ಳಿರುವುದರಿಂದ. ಬೇವು ಗಂಡು, ಬಾಯಿ ಹಾಕಲಿಕ್ಕಾಗದಷ್ಟು ಕಹಿ ಇದ್ದರೂ ಎಲ್ಲರೂ ಹೊಗಳುವುದರಿಂದ. ಬೋರೆಯ ಗಿಡ ಹೆಣ್ಣು, ಅದರ ಹಣ್ಣು ಮಾತ್ರ ಎರಡೂ ಅಲ್ಲ. "ಆಕಿ ಹಡದದ್ದ ಆಕಿ ಕಡೆಗೂ ಇಲ್ಲ, ಆತನ ಕಡೆಗೂ ಇಲ್ಲ, ನಿನ್ನಂಗ," ಎಂದು ಮಗಳ ತಲೆಗೆ ಹಿಟ್ಟಿನ ಕೈಯಿಂದಲೇ ತಟ್ಟಿದಳು. ಒಂದೊಂದು ಮರದ ಲಿಂಗಕ್ಕೂ ಅವಳೊಂದು ಕಾರಣ ಹುಟ್ಟಿಸಿಕೊಳ್ಳುತ್ತಿದ್ದಳು. ಕಾರಣ ಸಿಕ್ಕಿದ ಮೇಲೆ ಅದನ್ನು ಮರೆಯುತ್ತಿರಲಿಲ್ಲ. ಹೆಚ್ಚಿನ ಕಾರಣಗಳು ಪೇಪರಿನ ಹಿಂದೆ ಕೂತಿದ್ದ ನನ್ನ ಮೇಲೆಯೇ ಬಂದು ಬೀಳುತ್ತಿದ್ದವು. ಆ ಕೆಲವು ತಿಂಗಳು ನಮ್ಮ ಅಡುಗೆಮನೆಯಲ್ಲಿ ಇದ್ದಷ್ಟು ನಗು ಅದಕ್ಕೆ ಮುಂಚೆ ಇರಲಿಲ್ಲ.

ಇನ್ನು ಇಡ್ಲಿಯ ವಿಷಯ.

ಮೊದಲ ಪ್ರವಾಸದಲ್ಲಿ ಎಲ್ಲರೂ ತಂತಮ್ಮ ಡಬ್ಬಿ ಬಿಚ್ಚಿದಾಗ ಅವಳೂ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ. ಮಂಡಳದ ಕಾರ್ಯದರ್ಶಿ ಒಬ್ಬ ಹೆಂಗಸು, ಒಳ್ಳೆಯವರೇ, ಜೋರು ದನಿ, ಬಗ್ಗಿ ನೋಡಿ ನಿರಾಶರಾದರು.

"ಇದೇನು ವಹಿನೀ, ಭಾಕರಿ? ನೀವು ಕಾನಡಿ ಅಲ್ಲವೇ? ಇಡ್ಲಿ ಎಲ್ಲಿ?" ಎಂದು ಮರಾಠಿಯಲ್ಲಿ ಕೇಳಿದರು. ವಹಿನಿ ಎಂದರೆ ಅತ್ತಿಗೆ, ಭಾಕರಿ ಎಂದರೆ ನಮ್ಮ ರೊಟ್ಟಿ.

ನಮ್ಮ ಮನೆಯಲ್ಲಿ ಇಡ್ಲಿ ಮಾಡುವುದಿಲ್ಲ, ನಾವು ರೊಟ್ಟಿಯ ಸೀಮೆಯವರು, ಎಂದು ಹೆಂಡತಿ ಹೇಳಿದಳು. ಕಾರ್ಯದರ್ಶಿ ಅದನ್ನು ವಿನಯ ಎಂದು ತಿಳಿದರು. ಪುಣೆಯಲ್ಲಿ ಕನ್ನಡದವರೆಂದರೆ ಹೋಟೆಲಿನ ಅಣ್ಣ. ನಾವು ವಿಜಾಪುರ, ಬಾಗಲಕೋಟೆ ಎಂದು ಎಷ್ಟು ಹೇಳಿದರೂ ಕೇಳಿದವರ ಕಣ್ಣೆದುರು ಸಾಂಬಾರಿನ ಬಕೆಟ್ಟು ಹೋಗುವುದಿಲ್ಲ. ನನ್ನ ಕಚೇರಿಯಲ್ಲೂ ಇಪ್ಪತ್ತು ವರ್ಷ "ಅಣ್ಣಾ, ಏಕ್ ಕಟಿಂಗ್" ಎಂದು ನನ್ನನ್ನೇ ಚಹಾ ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದಿದ್ದರೆ ಏನಾಗಬಹುದು ಎಂದು ಯೋಚಿಸಿ ನೋಡಿದ್ದೆ.

ಕೊನೆಯ ಪ್ರವಾಸ ಸಾಸವಡದ ಆಚೆಯ ಒಂದು ದೇವರಕಾಡಿಗೆ ಎಂದು ನಿಶ್ಚಯವಾಯಿತು. ಅಲ್ಲಿ ಮಾರ್ಗದರ್ಶಕರಾಗಬಯಸುವವರು ಒಂದೊಂದು ಮರದ ಕೆಳಗೆ ನಿಂತು ಎಲ್ಲರಿಗೂ ಅದರ ಬಗ್ಗೆ ಹೇಳಬೇಕು. ನನ್ನ ಹೆಂಡತಿ ಹುಣಸೆ ಆರಿಸಿಕೊಂಡಳು. ಅದೇ ವಾರ ಕಾರ್ಯದರ್ಶಿಯ ಫೋನು ಬಂತು. ಎಲ್ಲರ ಬೆಳಗಿನ ತಿಂಡಿಗೆ ವಹಿನಿ ಇಡ್ಲಿ ತರಬೇಕಂತೆ, ಎಲ್ಲರದೂ ಆಗ್ರಹವಂತೆ.

"ಆಗೂದಿಲ್ಲ ಅಂತ ಹೇಳಬೇಕಿತ್ತು," ಎಂದೆ.

"ಆಗೂದಿಲ್ಲ ಅಂದ್ರ ಹೆಂಗಾಗತದರಿ? ಟೋಪಿ ಬೇಕು, ಕೆಲಸ ಬ್ಯಾಡ ಅಂದಂಗ ಆಗತದ. ಒಂದ ದಿನದ ಮಾತು."

ಕೆಳಗಿನ ಮನೆಯವರು ಉಡುಪಿಯ ಕಡೆಯವರು, ಗಂಡ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದ. ಅವನ ಹೆಂಡತಿಯ ಬಳಿ ನನ್ನ ಹೆಂಡತಿ ಇಡ್ಲಿ ಕಲಿಯಲು ಹೋದಳು. ಕನ್ನಡದವಳು ಕನ್ನಡದವಳಿಂದ ಕನ್ನಡದವರ ತಿಂಡಿ ಕಲಿತದ್ದು ಹೀಗೆ, ನಲವತ್ತರ ಹೊಸ್ತಿಲಲ್ಲಿ, ಮರಾಠಿಯವರಿಗೋಸ್ಕರ.

"ನೀವು ಹೆದರ್ಬೇಡಿ ಮಾರಾಯ್ರೆ," ಎಂದು ಆಕೆ ಧೈರ್ಯ ಹೇಳಿದರು. "ಉದ್ದು ಬೆಣ್ಣೆ ಹಾಗೆ ಆಗ್ಬೇಕು, ಅಕ್ಕಿ ತರಿತರಿ. ಮತ್ತೆ ಹಿಟ್ಟಿಗೆ ಚಳಿ ಆಗ್ಬಾರ್ದು, ಅಷ್ಟೇ."

ಪುಣೆಯ ಡಿಸೆಂಬರಿನಲ್ಲಿ ಹಿಟ್ಟಿಗೆ ಚಳಿ ಆಗದಿರುವುದು ಹೇಗೆ? ನನ್ನ ರಗ್ಗು ಹಿಟ್ಟಿಗೆ ಹೋಯಿತು. ಅದನ್ನು ಹೊದ್ದ ಪಾತ್ರೆ ಅಡುಗೆಮನೆಯ ಮೂಲೆಯಲ್ಲಿ ಬಾಣಂತಿಯ ಹಾಗೆ ಕೂತಿತ್ತು. ಹೆಂಡತಿ ಅದರ ಪಕ್ಕ ಕೂತು, ಮುಚ್ಚಳ ಎತ್ತಿ ನೋಡುತ್ತ, ಹುಣಸೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು: ತೀ ಚಿಂಚ, ತಿಚಾ ಬುಂಧಾ, ತಿಚೀ ಪಾನಂ, ಅವಳು ಹುಣಸೆ, ಅವಳ ಬೊಡ್ಡೆ, ಅವಳ ಎಲೆಗಳು. ಬೊಡ್ಡೆ ಮತ್ತೆ ಗಂಡು. ಹೆಣ್ಣುಮರಕ್ಕೆ ಗಂಡುಬೊಡ್ಡೆ. ಅದಕ್ಕೂ ಅವಳೊಂದು ಕಾರಣ ಹೇಳಿದಳು, ಇಲ್ಲಿ ಬರೆಯುವಂಥದ್ದಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ನನಗೆ ಅದೇ ಅನುಮಾನಕ್ಕೆ ಕಾರಣವಾಯಿತು. ಹೆಂಡತಿಯನ್ನು ನೋಡಿದರೆ ಇನ್ನೊಂದು ಅನುಮಾನ: ಮುಡಿಯಲ್ಲಿ ಹೂವಿಲ್ಲ. ಮದುವೆಯಾದಂದಿನಿಂದ ಹೂವಿಲ್ಲದೆ ಹೊಸಿಲು ದಾಟಿದವಳಲ್ಲ. ತುರುಬನ್ನೂ ಯಾವತ್ತಿಗಿಂತ ಕೆಳಗೆ, ಕತ್ತಿನ ಹತ್ತಿರ ಕಟ್ಟಿದ್ದಳು.

"ಆರಾಮ ಇದ್ದಿ ಇಲ್ಲೋ?" ಎಂದು ಕೇಳಿದೆ.

"ಭಾಳ ಆರಾಮ ಇದ್ದೀನಿ. ನೀವ ಡಬ್ಬಿ ಹಿಡೀರಿ, ಅಳಗಾಡಸಬ್ಯಾಡ್ರಿ."

ಬ್ರೇಕು ಹೋಗಲಿಲ್ಲ. ಡ್ರೈವರು ಘಾಟಿನುದ್ದಕ್ಕೂ ತಂಬಾಕು ತಿಕ್ಕುತ್ತ ಎಚ್ಚರವಾಗಿದ್ದ. ಜೇಜುರಿಗೆ ಹೊರಟವರು ಅಂದು ಕಡಿಮೆ, ಒಂದು ಟೆಂಪೋದಿಂದ ಯಾರೋ ನಮ್ಮ ಬಸ್ಸಿನತ್ತ ಅರಿಶಿನ ಎರಚಿ ಹೋದರು. ಕಾಡಿನಲ್ಲಿ ಜೇನಿರಲಿಲ್ಲ. ಹಾವಿದ್ದಿದ್ದರೂ ಅದು ನಮಗಿಂತ ಸುಶಿಕ್ಷಿತವಾಗಿದ್ದಿರಬೇಕು, ಎದುರಿಗೆ ಬರಲಿಲ್ಲ. ಇಡ್ಲಿ ಡಬ್ಬಿ ತೆರೆದಾಗ ಹಬೆ ಇನ್ನೂ ಸ್ವಲ್ಪ ಇತ್ತು. ಮೊದಲ ತುತ್ತಿಗೆ ಸರ್ ಕಣ್ಣು ಮುಚ್ಚಿದರು. ಕಾರ್ಯದರ್ಶಿ "ವಿನಯ ಮಾಡುತ್ತಿದ್ದಿರಿ ನೋಡಿ!" ಎಂದು ಹೆಂಡತಿಯ ಬೆನ್ನಿಗೆ ಗುದ್ದಿದರು. ಜನ ಎರಡನೆಯ ಸಲ, ಮೂರನೆಯ ಸಲ ತಟ್ಟೆ ಹಿಡಿದರು. ಅವಳು ಬಡಿಸುತ್ತಿದ್ದಳು, ತುಟಿ ಮಾತ್ರ ಸಣ್ಣಗೆ ಆಡುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು: ತಿಚಾ, ತಿಚೀ, ತಿಚಂ.

ಅವಳ ಸರದಿ ಕೊನೆಗೆ ಬಂತು. ಅದಕ್ಕೆ ಮುಂಚೆ ಒಬ್ಬ ನಿವೃತ್ತ ಎಂಜಿನಿಯರು ಅತ್ತಿಯ ಮರದ ಕೆಳಗೆ ನಿಂತು ತಾವು ವಿದೇಶದಲ್ಲಿ ನೋಡಿದ ಮರಗಳ ಬಗ್ಗೆ ಮಾತಾಡಿದ್ದರು. ಕಾರ್ಯದರ್ಶಿಯ ಗೆಳತಿಯೊಬ್ಬರು ಆಲದ ಬಗ್ಗೆ, ಕೈಯಲ್ಲಿದ್ದ ಚೀಟಿಯತ್ತ ಇಣುಕುತ್ತ, ಇಂಪಾಗಿ ಹೇಳಿದ್ದರು. ನನ್ನ ಹೆಂಡತಿ ಹುಣಸೆಯ ಬೊಡ್ಡೆಗೆ ಅಂಗೈ ಆನಿಸಿ ನಿಂತಳು. ನಾನು ಹಿಂದೆ, ಬಿದ್ದ ಕಲ್ಲಿನ ಮೇಲೆ ಕೂತು, ಅವಳ ಬಾಯಿಂದ ಒಂದೊಂದು 'ತೀ' ಹೊರಬೀಳುವಾಗಲೂ ಮೊಣಕಾಲು ಹಿಡಿದುಕೊಳ್ಳುತ್ತಿದ್ದೆ. ಸಂಜೆಯಾದರೆ ಇವಳು ಎಲೆ ಮಡಚಿಕೊಳ್ಳುತ್ತಾಳೆ, ಎಂದಳು. ಕೆಳಗೆ ಮಲಗಬಾರದು ಎಂದು ಹಿರಿಯರು ಹೆದರಿಸುತ್ತಿದ್ದರು, ಆದರೆ ಇವಳ ಮೇಲೆ ಯಾರೂ ದೆವ್ವ ನೋಡಿದವರಿಲ್ಲ, ಕಾಯಿ ಕದಿಯಲು ಬಂದವರನ್ನು ಮಾತ್ರ ನೋಡಿದ್ದಾರೆ, ಎಂದಳು. ಜನ ನಕ್ಕರು, ಸರಿಯಾದ ಜಾಗದಲ್ಲಿ ನಕ್ಕರು. ಬೊಡ್ಡೆ ಗಂಡಾಗಿ ಬಂತು, ಎಲೆ ನಪುಂಸಕವಾಗಿ ಬಂತು, ಮರ ಹೆಣ್ಣಾಗಿಯೇ ಉಳಿಯಿತು. ಒಂದೇ ಒಂದು ತಪ್ಪಿಲ್ಲ. ಮುಗಿದಾಗ ಸರ್ "ಛಾನ್", ಚೆನ್ನಾಗಿತ್ತು, ಎಂದರು. ನಾನು ಬೆವರು ಒರೆಸಿಕೊಂಡು, ಇನ್ನು ಹೆದರಲಿಕ್ಕೆ ಏನುಳಿಯಿತು ಎಂದು ಹುಡುಕತೊಡಗಿದೆ.

ಸರ್ ನನ್ನ ಪಕ್ಕಕ್ಕೇ ಬಂದು ಕೂತರು. ಸಣ್ಣ ದನಿಯಲ್ಲಿ ಹೇಳಿದರು, "ಅವರ ತಯಾರಿ ಎಲ್ಲರಿಗಿಂತ ಚೆನ್ನಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರ್ಗದರ್ಶಕ ಎಂದರೆ ಬಂದವರಿಗೆ ನಮ್ಮವರು ಅನ್ನಿಸಬೇಕು, ನೋಡಿ. ಮಾತಿನ ಧಾಟಿ ಅಂತ ಒಂದಿರುತ್ತದೆ. ನಿಮಗೆ ಅರ್ಥವಾಗುತ್ತದೆ."

ನನಗೆ ಅರ್ಥವಾಯಿತು. ಬಾಯಿಗೆ ಬಂದದ್ದು ಬೇರೆಯೇ ಮಾತು. "ಸರ್, ಇಳಿಜಾರಿನಲ್ಲಿ ಹೋಗಬೇಕಲ್ಲ, ಬಸ್ಸಿನ ಬ್ರೇಕು ನೋಡಿಸಿದ್ದೀರಾ?" ಎಂದು ಕೇಳಿದೆ.

ಊಟಕ್ಕೆ ಮುಂಚೆ ಎಲ್ಲರನ್ನೂ ದುಂಡಗೆ ನಿಲ್ಲಿಸಿದರು. ಕಾರ್ಯದರ್ಶಿಯ ಚೀಲದಿಂದ ಎರಡು ಹೊಸ ಟೋಪಿ ಹೊರಬಂದವು, ನಿಜವಾದ ಹಸಿರು. ಹೆಂಡತಿಯ ಕೈ ತಲೆಯ ಮೇಲೆ ಹೋಗಿ ಬೈತಲೆಯ ಪಕ್ಕದ ಕೂದಲು ಒತ್ತಿ ಕೂರಿಸಿತು. ಹೂವು ಯಾಕಿಲ್ಲ, ತುರುಬು ಯಾಕೆ ಕೆಳಗಿದೆ ಎಂಬುದು ನನಗೆ ತಿಳಿದದ್ದು ಆಗ. ಮೊದಲ ಟೋಪಿ ಎಂಜಿನಿಯರಿಗೆ ಹೋಯಿತು. ಎರಡನೆಯದು ಕಾರ್ಯದರ್ಶಿಯ ಗೆಳತಿಗೆ. ಹೆಂಡತಿಯ ಕೈ ಅಲ್ಲೇ, ತಲೆಯ ಮೇಲೆಯೇ ಇತ್ತು. ಬಿಸಿಲಿಗೆ ಅಡ್ಡ ಹಿಡಿದಂತೆ ಅದನ್ನು ನಿಧಾನವಾಗಿ ಹಣೆಗೆ ಇಳಿಸಿಕೊಂಡಳು.

"ಇನ್ನೊಂದು ಘೋಷಣೆ!" ಎಂದರು ಕಾರ್ಯದರ್ಶಿ. "ಮುಂದಿನ ತಂಡದ ಎಲ್ಲ ಪ್ರವಾಸಗಳ ನಾಷ್ಟಾ ವಿಭಾಗ, ನಮ್ಮ ಕಾನಡಿ ವಹಿನಿಯದು!"

ಆ ದಿನದ ಅತಿ ದೊಡ್ಡ ಚಪ್ಪಾಳೆ ಅವಳಿಗೇ ಬಿತ್ತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅದನ್ನು ನಾನು ಈಗಲೂ ಪ್ರಮಾಣ ಮಾಡಿ ಹೇಳುತ್ತೇನೆ. ಕೆಟ್ಟದ್ದಿದ್ದಿದ್ದರೆ ಜಗಳವಾಡಿ ಬರಬಹುದಿತ್ತು.

ಅವಳು ಕೈಮುಗಿದಳು. ನಕ್ಕಳು ಕೂಡ.

ಮರಳುವಾಗ ಬಸ್ಸಿನಲ್ಲಿ ಟೋಪಿಯವರಿಬ್ಬರೂ ಸರ್ ಹಿಂದಿನ ಸೀಟಿನಲ್ಲಿ ಕೂತಿದ್ದರು. ನಾವು ನಡುವೆ, ಕಾಲ ಬಳಿ ಖಾಲಿ ಡಬ್ಬಿ, ಘಾಟಿನ ತಿರುವಿಗೊಮ್ಮೆ ಅದು ಈ ಕಡೆಯಿಂದ ಆ ಕಡೆ ಜಾರಿ ಸದ್ದು ಮಾಡುತ್ತಿತ್ತು. ಬ್ರೇಕು ಗಟ್ಟಿಯಾಗಿತ್ತು. ಹೊಟ್ಟೆ ಕೆಟ್ಟಿರಲಿಲ್ಲ. ನನ್ನ ಭಯಗಳೆಲ್ಲ ಒಂದೊಂದಾಗಿ ಹುಸಿಯಾಗಿ, ನಾನು ಪುಣೆಯ ಅತ್ಯಂತ ಸುರಕ್ಷಿತ ಮನುಷ್ಯನಾಗಿ ಕೂತಿದ್ದೆ. ಮುಂದಿನಿಂದ ಕಾರ್ಯದರ್ಶಿ ಹಿಂದೆ ತಿರುಗಿ, ಎಲ್ಲರಿಗೂ ಕೇಳಿಸುವಂತೆ ಕೂಗಿದರು:

"ವಹಿನೀ, ರಹಸ್ಯ ಹೇಳಿಬಿಡಿ! ಈ ಚಳಿಯಲ್ಲಿ ಅಷ್ಟು ಮೆತ್ತಗೆ ಹೇಗಾಯಿತು?"

ಬಸ್ಸಿನ ತಲೆಗಳೆಲ್ಲ ತಿರುಗಿದವು. ಬೆಳಗಿನಿಂದ ಅವಳ ಮಾತಿಗೆ ಇಷ್ಟು ತಲೆ ತಿರುಗಿದ್ದು ಅದೇ ಮೊದಲು. ಅವಳು ಸೀಟಿನ ಸರಳು ಹಿಡಿದು ಸ್ವಲ್ಪ ಎದ್ದು ನಿಂತಳು, ಹುಣಸೆಗೆ ನಿಂತ ಹಾಗೆ. ಉದ್ದಿನಬೇಳೆ ಬೆಣ್ಣೆಯಂತಾಗಬೇಕು ಎಂದಳು, ಅಕ್ಕಿ ತರಿಯಾಗಬೇಕು ಎಂದಳು. ಪಾತ್ರೆಗೆ ರಗ್ಗು ಹೊದಿಸಬೇಕು, ಹಾಗೆ ಮಾಡಿದರೆ, "ತೋ ಇಡ್ಲಿ ಛಾನ್ ಫುಗತೋ," ಅವನು ಇಡ್ಲಿ, ಚೆನ್ನಾಗಿ ಉಬ್ಬುತ್ತಾನೆ, ಎಂದಳು.

ಬಸ್ಸು ನಕ್ಕಿತು. ಬಾಯ್ತುಂಬ, ಪ್ರೀತಿಯಿಂದ ನಕ್ಕಿತು.

"ತೀ ಇಡ್ಲಿ, ವಹಿನೀ! ತೀ! ಇಡ್ಲಿ ಹೆಣ್ಣು!" ಎಂದು ಕಾರ್ಯದರ್ಶಿ ಕಣ್ಣೊರೆಸಿಕೊಂಡರು. "ನಿಮ್ಮದೇ ಇಡ್ಲಿ, ನಿಮಗೇ ಗೊತ್ತಿಲ್ಲ!"

"ತೀ ಇಡ್ಲಿ," ಎಂದು ಅವಳು ತಿದ್ದಿಕೊಂಡಳು.

ಕೂತಳು. ನಾನು ಕಾರಣಕ್ಕಾಗಿ ಕಾದೆ. ಇಡ್ಲಿ ಯಾಕೆ ಹೆಣ್ಣು ಎಂಬುದಕ್ಕೆ ಅವಳೊಂದು ಕಾರಣ ಹುಟ್ಟಿಸಿಯೇ ತೀರುತ್ತಾಳೆ, ಅದು ನನ್ನ ಮೇಲೆ ಬೀಳುವಂಥದ್ದೇ ಇದ್ದರೂ ಅಡ್ಡಿಯಿಲ್ಲ ಎಂದು, ಘಾಟು ಇಳಿದು ಹಡಪಸರದ ದೀಪಗಳು ಬರುವ ತನಕ ಕಾದೆ. ಡಬ್ಬಿ ಮತ್ತೊಮ್ಮೆ ಜಾರಿತು. ಅವಳು ಕಾಲು ಚಾಚಿ ಅದನ್ನು ತಡೆದು ಹಿಡಿದಳು.